ಗುಟುಕಕ್ಕನ ಹತ್ತು ಕಾಳು

ಒಳಗೆ ಬರಲೋ ಬೇಡವೋ ಎಂದು ಬೆಳಕು ಇನ್ನೂ ಕಿಟಕಿಯಾಚೆ ನಿಂತು ಯೋಚಿಸುತ್ತಿದೆ. ಸಣ್ಣ ಬಿಯರ್ ತಯಾರಿಕೆಯ ಮನೆಯೊಂದರ ಹಿಂಬದಿಯ ಕೋಣೆಯಲ್ಲಿ ಮೂವರು ದೊಡ್ಡವರು ಮೂರು ಗೋಡೆಗಳಿಗೆ ಮುಖ ಮಾಡಿ ಕುಳಿತಿದ್ದಾರೆ, ಮೇಷ್ಟ್ರ ಕೋಪಕ್ಕೆ ಸಿಕ್ಕ ಮಕ್ಕಳ ಹಾಗೆ. ಪ್ರತಿಯೊಬ್ಬರ ಮುಂದೆಯೂ ಮೂರು ಗ್ಲಾಸು, ಗ್ಲಾಸುಗಳಲ್ಲಿ ಅಮಾವಾಸ್ಯೆಯನ್ನೇ ಬಗ್ಗಿಸಿದಂತೆ ಕಪ್ಪು ಬಿಯರ್, ಮೇಲೆ ಕೆನೆಬಣ್ಣದ ನೊರೆ. ಯಾವುದು ಯಾರು ಮಾಡಿದ್ದು ಎಂದು ಬಗ್ಗಿಸಿದ ಯಜಮಾನರಿಗೆ ಮಾತ್ರ ಗೊತ್ತು. ಉಳಿದವರಿಗೆ ಗುರುತು ಗ್ಲಾಸಿನ ಬುಡಕ್ಕೆ ಕಟ್ಟಿದ ದಾರವಷ್ಟೇ: ಕೆಂಪು, ಹಳದಿ, ನೀಲಿ.

ನಡುವಿನ ಗೋಡೆಯ ಮುಂದೆ ಕುಳಿತವರು ಗುಟುಕಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ. ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಚಳಿಗೆ ನಡುಗುವ ಹಕ್ಕಿಮರಿಯನ್ನು ಕಾಪಾಡುವಂತೆ ಬೆಚ್ಚಗೆ ಮಾಡುತ್ತಿದ್ದಾರೆ.

"ಕಪ್ಪು ಬಿಯರು ತಣ್ಣಗಿದ್ರೆ ಬಾಯೇ ಬಿಡಲ್ಲ ಕಣಮ್ಮ. ಸ್ವಲ್ಪ ಮುದ್ದು ಮಾಡ್ಬೇಕು. ಆಮೇಲೆ ಎಲ್ಲಾ ಹೇಳ್ಕೊಳ್ಳುತ್ತೆ" ಎಂದು, ಇದನ್ನೆಲ್ಲ ನೋಡಲು ಬಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾರೆ.

ಈ ಕೋಣೆಯಲ್ಲಿ ಅಂಕ ಕೊಡುವುದು ಕಾಳಿನಲ್ಲಿ. ಪಕ್ಕದ ಬಟ್ಟಲಲ್ಲಿ ಹುರಿದ ಬಾರ್ಲಿ ಇರುತ್ತದೆ. ಬಿಯರ್ ಎಷ್ಟು ಮೆಚ್ಚುಗೆಯಾಯಿತೋ ಅಷ್ಟು ಕಾಳನ್ನು ಅದರ ಮುಂದಿನ ಮುಚ್ಚಳದ ಕುಡಿಕೆಗೆ ಹಾಕಬೇಕು, ಹೆಚ್ಚೆಂದರೆ ಹತ್ತು. ಮೂವರ ಕಾಳು ಸೇರಿ ಇಪ್ಪತ್ತೊಂದು ಆದರೆ ಆ ಬಿಯರ್ ಗಿರಾಕಿಗಳ ಮುಂದೆ ಹೋಗುತ್ತದೆ. ಒಂದು ಕಡಿಮೆಯಾದರೂ ಇಲ್ಲ. ಗೋಡೆಗೆ ಮುಖ ಏಕೆಂದರೆ, ಬಾಯಿ ಸುಮ್ಮನಿದ್ದರೂ ಹುಬ್ಬು ಸುಮ್ಮನಿರುವುದಿಲ್ಲ. ಒಬ್ಬರು ಮುಖ ಕಿವುಚಿದರೆ ಪಕ್ಕದವರ ನಾಲಿಗೆಗೂ ಕಹಿ ಹತ್ತುತ್ತದೆ.

ಇವತ್ತು ಗುಟುಕಕ್ಕನಿಗೂ ಪರೀಕ್ಷೆ. ಇಷ್ಟು ವರ್ಷ ಬೇರೆಯವರ ಬಿಯರಿನ ರುಚಿ ನೋಡಿದವರು, ಮೊದಲ ಸಲ ತಾವೇ ಒಂದು ಹಂಡೆ ಕಾಯಿಸಿದ್ದಾರೆ. ಮುಂದಿರುವ ಮೂರು ಗ್ಲಾಸುಗಳಲ್ಲಿ ಒಂದು ಅದೇ. ಪಾಸಾದರೆ ಈ ಶನಿವಾರ ಪೀಪಾಯಿಯ ಮೇಲೆ 'ಗುಟುಕಕ್ಕ' ಎಂದು ಬರೆದು ಮುಂಬದಿಯ ಅಂಗಡಿಯಲ್ಲಿ ಇಡುವುದಾಗಿ ಯಜಮಾನರು ಮಾತು ಕೊಟ್ಟಿದ್ದಾರೆ.

"ನಾನು ಇವತ್ತು ಕೂರಲ್ಲ ಅಂದೆ. ಕೇಳಿದ್ರೆ ತಾನೇ?" ಎಂದು ಅವರು ಎಡಗೋಡೆಯತ್ತ ಕೈ ತೋರಿಸುತ್ತಾರೆ.

"ನೀನು ಕೂರದಿದ್ರೆ ನಾನೂ ಕೂರಲ್ಲ" ಎಂದು ಎಡಗೋಡೆಯ ಪೀಪಾಯಿ ಅಜ್ಜ ತಿರುಗದೆಯೇ ಉತ್ತರಿಸುತ್ತಾರೆ. ಮರದ ಪೀಪಾಯಿ ಕಟ್ಟುವುದು ಅವರ ಕಸುಬು. "ಬೆಳಗಿನ ಜಾವ ಎದ್ದು ಬಂದಿದೀನಿ. ಬರಿಗಂಟಲಲ್ಲಿ ವಾಪಸ್ ಕಳಿಸ್ತೀಯಾ?"

ಬಲಗೋಡೆಯಿಂದ ಯಜಮಾನರ ನಾದಿನಿ ಕಿಸಕ್ಕನೆ ನಗುತ್ತಾರೆ. ಅಂಗಡಿಯ ಗಲ್ಲಾ ನೋಡಿಕೊಳ್ಳುವವರು ಅವರೇ.

ಗುಟುಕಕ್ಕ ಇಲ್ಲಿಗೆ ಬಂದದ್ದು ಬಾಟಲಿ ತೊಳೆಯಲು. ತೊಳೆಯುವ ಮುಂಚೆ ಪ್ರತಿ ಬಾಟಲಿಯನ್ನೂ ಮೂಸುವ ಚಟ. ಒಂದು ದಿನ ಹಿಂದೆ ನಿಂತಿದ್ದ ಯಜಮಾನರು "ಏನಮ್ಮಾ ಹುಡುಕ್ತಿದ್ದೀಯ?" ಎಂದು ಕೇಳಿದ್ದಕ್ಕೆ ಇವರು, "ಇದು ಬಿಸಿಲಲ್ಲಿ ಕೂತಿತ್ತು ಸಾರ್, ವಾಸನೆ ಕೆಟ್ಟಿದೆ" ಎಂದರಂತೆ. ಮರುವಾರವೇ ಗೋಡೆಯ ಮುಂದೆ ಒಂದು ಸ್ಟೂಲು ಬಂತು.

ಕಷ್ಟವೂ ಬಂತು. ಒಂದು ಜ್ವರ ಬಂದು ಹೋಗುವಾಗ ಮೂಗಿನ ಶಕ್ತಿಯನ್ನೂ ಹೊತ್ತೊಯ್ದಿತು. ನಾಲ್ಕು ತಿಂಗಳು ಬೆಂಕಿಕಡ್ಡಿಗೂ ಬೆಣ್ಣೆಗೂ ವ್ಯತ್ಯಾಸ ತಿಳಿಯದೆ ಮತ್ತೆ ಬಾಟಲಿ ತೊಳೆದರು. "ವಾಸನೆ ತಿರುಗಿ ಬಂದದ್ದು ಹೇಗೆ ಗೊತ್ತಾ? ಒಂದು ಸಂಜೆ ನಮ್ಮನೆಯವ್ರು ಬಸ್ಸು ಡಿಪೋಗೆ ಬಿಟ್ಟು ಬಂದು ಕಾಲುಚೀಲ ಬಿಚ್ಚಿದ್ರು. ಅಯ್ಯೋ, ನಾನು ಅದನ್ನ ಹಿಡ್ಕೊಂಡು ಮನೆ ತುಂಬಾ ಕುಣಿದೆ! ಪಾಪ, ಅವರು ಹೆಂಡ್ತಿಗೆ ತಲೆ ಕೆಟ್ಟಿತು ಅಂದ್ಕೊಂಡ್ರು."

ಈ ಮೂಗನ್ನು ಸಾಕಲು ಮನೆಮಂದಿಯೆಲ್ಲ ವ್ರತ ಹಿಡಿದಿದ್ದಾರೆ. ಘಮಘಮ ಸೋಪಿಲ್ಲ, ಪೌಡರಿಲ್ಲ, ರಾತ್ರಿ ಅಡುಗೆಗೆ ಬೆಳ್ಳುಳ್ಳಿ ಇಲ್ಲ. ಮಗಳು ಸೆಂಟು ಹಾಕಿಕೊಳ್ಳುವುದು ಬೀದಿ ದಾಟಿದ ಮೇಲೆ. ಗಂಡನಿಗಂತೂ ಇವರನ್ನು ಛೇಡಿಸದಿದ್ದರೆ ತಿಂದದ್ದು ಅರಗದು: "ಜನ ಸಂಬಳ ತಗೊಂಡು ಕುಡೀತಾರೆ, ನಮ್ಮವಳು ಕುಡಿದು ಸಂಬಳ ತಗೊಳ್ತಾಳೆ."

ಕುಡಿಯುವುದು ಎಂದರೆ ಗುಟುಕು, ಅಷ್ಟೇ. ಮೊದಲು ಮೂಗು, ಆಮೇಲೆ ನಾಲಿಗೆ, ಕೊನೆಗೆ ಗಂಟಲು. ಉಗುಳುವಂತಿಲ್ಲ, ಏಕೆಂದರೆ ಕಹಿ ತನ್ನ ನಿಜ ಹೇಳುವುದು ಗಂಟಲು ದಾಟುವಾಗ. ಗ್ಲಾಸಿನಿಂದ ಗ್ಲಾಸಿಗೆ ಹೋಗುವ ನಡುವೆ ಒಣ ಬ್ರೆಡ್ಡಿನ ಚೂರು, ಒಂದು ಗುಟುಕು ನೀರು.

ನೀಲಿ ದಾರದ್ದನ್ನು ಮೂಸಿ ಗುಟುಕರಿಸುತ್ತಾರೆ: ಏಳು ಕಾಳು. ಹಳದಿಯದು ಬಾಯಿಗೆ ಬಿದ್ದೊಡನೆ ಕಣ್ಣು ಮುಚ್ಚಿಕೊಳ್ಳುತ್ತವೆ. ಪಾತಾಳಕ್ಕೆ ಮೆಟ್ಟಿಲು ಇಳಿದಂತೆ ಮೊದಲು ಬೆಲ್ಲ, ಅದರ ಕೆಳಗೆ ಕಾಫಿ, ಇನ್ನೂ ಕೆಳಗೆ ಒದ್ದೆ ಮರ. ಒಂಬತ್ತು. ಕೆಂಪಿಗೆ ಬಂದಾಗ ಹುಬ್ಬು ಕೂಡುತ್ತದೆ. ಮತ್ತೊಂದು ಗುಟುಕು. ಕುಡಿಕೆಗೆ ನಾಲ್ಕೇ ಕಾಳು ಬೀಳುತ್ತವೆ.

ಯಜಮಾನರು ಕುಡಿಕೆಗಳನ್ನು ಮೇಜಿಗೆ ತಂದು ಸುರಿದು ಎಣಿಸುತ್ತಾರೆ. ನೀಲಿ ಪಾಸು. ಹಳದಿ ಜೋರಾಗಿ ಪಾಸು. ಕೆಂಪಿಗೆ ಅಜ್ಜನದು ಎಂಟು, ನಾದಿನಿಯದು ಎಂಟು, ಗುಟುಕಕ್ಕನದು ನಾಲ್ಕು. ಇಪ್ಪತ್ತು. ಯಜಮಾನರು ತಲೆ ಕೆರೆದುಕೊಳ್ಳುತ್ತಾರೆ.

"ಕೆಂಪು ಯಾರದ್ದು?" ಅಜ್ಜ ಕೇಳುತ್ತಾರೆ.

ಯಜಮಾನರು ಗುಟುಕಕ್ಕನ ಕಡೆ ನೋಡುತ್ತಾರೆ.

ಗುಟುಕಕ್ಕನೇ ಮೊದಲು ನಗುತ್ತಾರೆ, ಹೊಟ್ಟೆ ಹಿಡಿದುಕೊಂಡು, ಸ್ಟೂಲು ಕಿರುಗುಟ್ಟುವಂತೆ. "ಅಯ್ಯೋ ನನ್ ಕರ್ಮವೇ! ಹಳದೀನೇ ನಂದು ಅಂತ ಒಳಗೊಳಗೇ ಬೀಗ್ತಿದ್ದೆ!"

ಪೀಪಾಯಿ ಅಜ್ಜನ ಕೈ ಸದ್ದಿಲ್ಲದೆ ಬಾರ್ಲಿ ಬಟ್ಟಲಿಗೆ ಹೋಗುತ್ತದೆ. "ನಂದು ಒಂಬತ್ತಿತ್ತು ಕಣಯ್ಯ. ವಯಸ್ಸಾಯ್ತಲ್ಲ, ಕೈ ನಡುಗಿ ಒಂದು ಕಾಳು ಕೆಳಗೆ ಬಿತ್ತು."

ಗುಟುಕಕ್ಕ ಆ ಕೈಯನ್ನು ಅಲ್ಲೇ ಹಿಡಿಯುತ್ತಾರೆ. "ಸುಮ್ನಿರಿ ಅಜ್ಜ. ಗ್ಲಾಸು ಎತ್ತೋವಾಗ ಒಂದು ಹನಿ ಚೆಲ್ಲದ ಕೈ ನಿಮ್ದು."

"ಹೋಗ್ಲಿ, ಇನ್ನೊಂದು ಸಲ ಕುಡಿದು ನೋಡಕ್ಕ" ಎಂದು ನಾದಿನಿ ಕೆಂಪು ದಾರದ ಗ್ಲಾಸು ಮುಂದೆ ಮಾಡುತ್ತಾರೆ. ಗುಟುಕಕ್ಕ ಕುಡಿಯುತ್ತಾರೆ. ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗುತ್ತಾರೆ.

"ಹೇಗಿದೆ?"

"ಈಗ ಬಹಳ ಚೆನ್ನಾಗಿದೆ" ಎನ್ನುತ್ತಾರೆ. "ನಂದು ಅಂತ ಗೊತ್ತಾಯ್ತಲ್ಲ, ಅದಕ್ಕೆ. ಈ ಮಾತನ್ನ ನಂಬಬೇಡಿ. ಗೋಡೆ ನೋಡ್ಕೊಂಡು ಹೇಳಿದ್ದೇ ನಿಜ. ಬಾರ್ಲಿ ಹುರಿಯೋವಾಗ ಇನ್ನೂ ಸ್ವಲ್ಪ ಕಪ್ಪಾಗ್ಲಿ ಅಂತ ಆಸೆಪಟ್ಟೆ. ಸೀದುಹೋಯ್ತು."

ಪಾಸಾಗದ ಬಿಯರ್ ಮಾರಾಟಕ್ಕಿಲ್ಲ. ಆದರೆ ಕೆಲಸದವರು ಮನೆಗೆ ಒಯ್ಯಬಹುದು ಎಂಬುದು ಇಲ್ಲಿಯ ರೂಢಿ. ಸಂಜೆ ಪೀಪಾಯಿಯ ಸುತ್ತ ಜಗ್ಗು ಹಿಡಿದವರ ಸಾಲು. ಬಸ್ಸು ಬಿಟ್ಟು ನೇರ ಬಂದ ಗಂಡ ಒಂದು ಲೋಟ ಮುಗಿಸಿ ಮೀಸೆಯ ನೊರೆ ಒರೆಸಿಕೊಳ್ಳುತ್ತಾರೆ. "ಲೇ, ಅಮೃತ ಕಣೇ ಇದು! ಯಾವನೇ ಅವನು ನಾಲ್ಕು ಕಾಳು ಕೊಟ್ಟವನು?"

"ಎದುರಿಗೇ ನಿಂತಿದಾಳೆ, ಜಗಳ ಆಡಿ" ಎನ್ನುತ್ತಾರೆ ಗುಟುಕಕ್ಕ. ಎಲ್ಲರೂ ನಗುತ್ತಾರೆ. ಸೋತವರ ಮುಖ ಹೀಗೆ ಹೊಳೆಯುವುದುಂಟೇ ಎಂದು ನಾನು ನೋಡುತ್ತಲೇ ಇದ್ದೇನೆ.

ಬೇಜಾರಿಲ್ಲವೇ ಎಂದು ಕೇಳುತ್ತೇನೆ. ಜಗ್ಗಿಗೆ ಬಿಯರ್ ಬಗ್ಗಿಸುತ್ತಲೇ ಅವರು ಉತ್ತರಿಸುತ್ತಾರೆ.

"ಇದೆ. ಪೀಪಾಯಿ ಮೇಲೆ ಹೆಸರು ನೋಡೋ ಆಸೆ ಇರಲ್ವಾ? ಆದ್ರೆ ನನ್ನ ನಾಲಿಗೆ ನನ್ನ ಮುಖ ನೋಡಿ ಮಣೆ ಹಾಕ್ಲಿಲ್ಲ ನೋಡಿ, ಅದು ಖುಷಿ. ನಾಳೆ ಮತ್ತೆ ಬಾರ್ಲಿ ಹುರೀತೀನಿ. ಒಂದಲ್ಲ ಒಂದು ದಿನ ಯಾವ್ದೋ ದಾರದ ಗ್ಲಾಸಿಗೆ ಹತ್ತೂ ಕಾಳು ಹಾಕ್ಬೇಕು. ಯಾರು ಮಾಡಿದ್ದಪ್ಪಾ ಇದು ಅಂತ ಹೊಟ್ಟೆ ಉರ್ಕೋಬೇಕು. ಆಮೇಲೆ ಹಿಂದೆ ತಿರುಗಿದ್ರೆ, ಎಲ್ಲರೂ ನನ್ನನ್ನೇ ನೋಡ್ತಿರ್ಬೇಕು."