ಮೊದಲೇ ಕೇಳಿದ ಅಪ್ಪಣೆ

ನಮ್ಮೂರ ಅಜ್ಜಾರ ಗದ್ದಿಗೆಗೆ ನಡೆದುಕೊಳ್ಳುವ ನಿಮಗೆಲ್ಲ ನನ್ನ ಶರಣು. ಇದನ್ನು ಬರೆಯಲು ಕುಳಿತಾಗಲೆಲ್ಲ ಮೊದಲು ಅಳು ಬರುತ್ತದೆ, ಆಮೇಲೆ ಅಕ್ಷರ. ಆದರೂ ಅಜ್ಜಾರು ನಮ್ಮ ಮನೆಗೆ ಮಾಡಿದ ಉಪಕಾರವನ್ನು ಹೇಳದೆ ಮುಚ್ಚಿಟ್ಟುಕೊಂಡರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಎಂಬತ್ತೈದರ ಮಳೆಗಾಲದಲ್ಲಿ ನಮ್ಮ ಅಪ್ಪ ತೀರಿಕೊಂಡ. ನಮ್ಮದು ಕುಂದಗೋಳ ತಾಲ್ಲೂಕಿನಲ್ಲಿ ಕುಬಿಹಾಳದ ಆಚೆಗಿನ ಸಣ್ಣ ಊರು. ಕೆಲವು ದಿನಗಳಿಂದ ಹೊಟ್ಟೆ ಹಿಡಿದುಕೊಂಡೇ ಓಡಾಡುತ್ತಿದ್ದ ಅಪ್ಪ ಹೊಲದ ಬದುವಿನ ಮೇಲೆ ಕುಸಿದು ಕುಳಿತ. ಪಕ್ಕದ ಹೊಲದವರ ಟ್ರ್ಯಾಕ್ಟರಿನಲ್ಲಿ ಕುಂದಗೋಳಕ್ಕೆ ತಂದೆವು, ಅಲ್ಲಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ. ಹಿಂದಿನ ಸೀಟಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ತಗ್ಗು ಬಂದಾಗೊಮ್ಮೆ ಹಲ್ಲು ಕಚ್ಚುತ್ತಿದ್ದ, ಬಾಯಿಬಿಟ್ಟು ಒಮ್ಮೆಯೂ ನರಳಲಿಲ್ಲ. ಹುಬ್ಬಳ್ಳಿಯ ಖಾಸಗಿ ದವಾಖಾನೆಯ ಡಾಕ್ಟರು, ಕರುಳು ಸುತ್ತಿಕೊಂಡಿದೆ, ಇವತ್ತೇ ಆಪರೇಷನ್ ಆಗಬೇಕು ಎಂದರು.

ನಮ್ಮ ದೊಡ್ಡಪ್ಪ ಮನೆಯ ಹಿರಿಯ. ಅವನು ಕುಳಿತಿದ್ದ ಮರದ ಬಾಕಿನಿಂದ ಎದ್ದು ಟೋಪಿ ಸರಿಮಾಡಿಕೊಂಡು, “ಅಜ್ಜಾರ್ನ ಒಂದ್ ಮಾತ ಕೇಳಿ ಬರ್ತೀನಿ, ತಡೀರಿ” ಎಂದ.

ಬೇರೆ ಊರಿನ ಭಕ್ತರಿಗಾಗಿ ಇದನ್ನು ಹೇಳಬೇಕು. ನಮ್ಮ ಮನೆತನದಲ್ಲಿ ಬಾವಿ ತೋಡಲಿ, ಎತ್ತು ಕೊಳ್ಳಲಿ, ಲಗ್ನ ಗೊತ್ತು ಮಾಡಲಿ, ಅಜ್ಜಾರು ಐಕ್ಯರಾದ ಗದ್ದಿಗೆಯ ಅಪ್ಪಣೆ ಕೇಳದೆ ಮುಂದೆ ಹೆಜ್ಜೆ ಇಡುವುದಿಲ್ಲ. ಪೂಜಾರಿ ಗದ್ದಿಗೆಯ ಮೇಲಿನ ಲಿಂಗದ ಎರಡೂ ಬದಿಗೆ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಉದುರಿದರೆ ಅಪ್ಪಣೆಯಾಯಿತು, ಎಡಗಡೆಯದಾದರೆ ಇಲ್ಲ. ಆಪರೇಷನ್ ಎಂದು ಮೈಗೆ ಕಬ್ಬಿಣ ಮುಟ್ಟಿಸುವ ಮುಂಚೆಯಂತೂ ಕೇಳಲೇಬೇಕು.

ಆದರೆ ದೊಡ್ಡಪ್ಪ ಅವತ್ತು ಹೋದದ್ದು ಹೂ ಕೇಳಲಷ್ಟೇ ಅಲ್ಲ. ಕೈಯಲ್ಲಿ ರೊಕ್ಕವಿರಲಿಲ್ಲ, ಅದನ್ನು ಡಾಕ್ಟರ ಮುಂದೆ ಆಡಿ ತೋರಿಸಲು ಅವನಿಗೆ ನಾಚಿಕೆ. ನಮ್ಮ ಗಂಡಸರು ಸಾಲಕ್ಕೆ ಹೋಗುವಾಗ ದೇವರ ಹೆಸರು ಹೇಳಿಯೇ ಎದ್ದು ಹೋಗುತ್ತಾರೆ, ನಾವು ಹೆಂಗಸರು ನಂಬಿದಂತೆ ತಲೆಯಾಡಿಸುತ್ತೇವೆ. ಅವ್ವ ತನ್ನ ಕೈಯ ಬಂಗಾರದ ಪಾಟಲಿ ಬಿಚ್ಚಲು ನೋಡಿದಳು. ಅಷ್ಟು ನೋವಿನಲ್ಲೂ ಅಪ್ಪ ಅವಳ ಕೈ ಹಿಡಿದ. “ಅವು ಹುಡುಗಿ ಲಗ್ನದವು. ಮುಟ್ಟಬ್ಯಾಡ” ಎಂದ. ಅವನು ಆಡಿದ ಕೊನೆಯ ತಿಳಿಯಾದ ಮಾತು ಅದೇ.

ದೊಡ್ಡಪ್ಪ ಊರು ಮುಟ್ಟಿ, ಸಂಜೆಯ ಪೂಜೆಯ ತನಕ ಕಾದು ಕೇಳಿದನಂತೆ. ಕೇಳಿದ ಕೂಡಲೇ ಹೂ ಬಲಕ್ಕೆ ಬಿದ್ದಿತಂತೆ. ಅಷ್ಟರಲ್ಲಿ ಮಳೆಗೆ ಎರೆಮಣ್ಣಿನ ದಾರಿ ಕೆಟ್ಟು ಬಸ್ಸು ನಿಂತಿತ್ತು. ಮರುದಿನ ಮೊದಲ ಬಸ್ಸಿಗೆ ಬಂದ. ಅಪ್ಪ ಆಗಲೇ ಹೋಗಿದ್ದ. ದೊಡ್ಡಪ್ಪ ಬಾಗಿಲಲ್ಲಿ ನಿಂತು ಧೋತರದ ಗಂಟು ಬಿಚ್ಚಿ ಸಾಲದ ರೊಕ್ಕ ತೆಗೆದು, “ಬಲಕ್ಕ ಆಗೇತಿ” ಎಂದ.

ಆಮೇಲೆ ನಾನು ಗದ್ದಿಗೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟೆ. ಸಿಟ್ಟು ದೊಡ್ಡಪ್ಪನ ಮೇಲಲ್ಲ, ಅಜ್ಜಾರ ಮೇಲೆ. ಹೂ ಕೊಡುವುದೇ ಆಗಿದ್ದರೆ ಉಪಯೋಗಕ್ಕೆ ಬರುವ ಹೊತ್ತಿಗೆ ಕೊಡಬಾರದಿತ್ತೇ ಎಂದು. ಹೊಲಿಗೆ ಕಲಿತು ಕುಂದಗೋಳದಲ್ಲಿ ಹುಡುಗಿಯರಿಗೆ ಹೇಳಿಕೊಡುವ ಕೆಲಸ ಹಿಡಿದೆ. ಹೋಗುತ್ತ ಬರುತ್ತ ಬಸ್ಸಿನ ಕಿಟಕಿಯಿಂದ ಗದ್ದಿಗೆ ಕಂಡರೆ ಮುಖ ತಿರುಗಿಸುತ್ತಿದ್ದೆ.

ಎಂಬತ್ತೇಳರಲ್ಲಿ ಹುಬ್ಬಳ್ಳಿಯ ವಿಮೆ ಏಜೆಂಟರೊಬ್ಬರು ನಮ್ಮ ಹೊಲಿಗೆ ಶಾಲೆಗೆ ಬಂದರು. ಜೀವವಿಮೆ ನಮಗೆ ಗೊತ್ತಿತ್ತು, ಸತ್ತ ಮೇಲೆ ಬರುವ ರೊಕ್ಕ ನನಗೆ ಬೇಕಿರಲಿಲ್ಲ. ಅವರು ನಕ್ಕರು. “ಇದು ಸತ್ತಮ್ಯಾಲೆ ಬರೂದಲ್ರಿ ಅಕ್ಕಾರ. ದವಾಖಾನ್ಯಾಗ ಮಲಗಿದ್ರ ಅದರ ಖರ್ಚು ಕೊಡತಾರ” ಎಂದರು. ಮೊದಲು ನಾವೇ ತುಂಬಬೇಕು, ರಸೀದಿ ಕಳಿಸಿದ ಮೇಲೆ ಕಂಪನಿ ತಿರುಗಿ ಕೊಡುತ್ತದೆ. ಹರೆಯದವರಿಗೆ ಕಂತು ಕಡಿಮೆ. ರೋಗ ಬಂದ ಮೇಲೆ ಕೇಳಿದರೆ ಆ ರೋಗಕ್ಕೆ ಸಿಗುವುದಿಲ್ಲ, ನೆಟ್ಟಗಿದ್ದಾಗಲೇ ಮಾಡಿಸಬೇಕು ಎಂದು ಬಿಡಿಸಿ ಹೇಳಿದರು. ಆ ಕೊನೆಯ ಮಾತು ನನ್ನ ಎದೆಯಲ್ಲಿ ನಾಟಿತು.

ಅವ್ವ ಕೇಳಿದ್ದೇ ತಡ, ಉರಿದು ಬಿದ್ದಳು. “ಇಲ್ಲದ ಬ್ಯಾನೀನ ಕರದು ಮಣಿ ಹಾಕತೀಯೇನ? ಕನ್ಯಾ ನೋಡಾಕ ಬಂದವರು, ಹುಡುಗಿಗೆ ಏನೋ ಐತಿ ಅಂದ್ರ ನಾ ಏನ ಹೇಳ್ಲಿ?” ಎಂದಳು. ನಾನು ಬಿಡಲಿಲ್ಲ. ಕೊನೆಗೆ ಒಂದೇ ಮಾತು ಹೇಳಿದಳು: ಅಜ್ಜಾರ ಅಪ್ಪಣೆ ಕೇಳು.

ಹಾಗಾಗಿ ಒಂದು ಸೋಮವಾರ ಕೆಲಸಕ್ಕೆ ಹೋಗುವ ಮುಂಚೆ ಅವ್ವನ ಜೊತೆ ಗದ್ದಿಗೆಗೆ ಹೋದೆ. ವಿಮೆಯ ಮಾತನ್ನಷ್ಟೇ ಕೇಳಲಿಲ್ಲ. “ಅಜ್ಜಾ, ನನಗ ಮುಂದ ಏನ ಬರಲಿ, ಎಂದರ ಬರಲಿ, ದವಾಖಾನಿಗೆ ಒಯ್ಯಾಕ ಈಗ ಅಪ್ಪಣಿ ಕೊಡು. ನನ್ನ ಸಲುವಾಗಿ ಯಾರೂ ಬಸ್ ಹತ್ತಿ ನಿನ್ನ ಕೇಳಾಕ ಬರೂದು ಬ್ಯಾಡ” ಎಂದು ಬೇಡಿಕೊಂಡೆ. ನೆಟ್ಟಗಿರುವವರು ಹೀಗೆ ಕೇಳಿದ್ದನ್ನು ತಾನು ಕಂಡಿಲ್ಲ ಎಂದು ಪೂಜಾರಿ ಗೊಣಗುತ್ತಲೇ ಹೂ ಏರಿಸಿದ.

ಎರಡೂ ಹೂ ಅಂಟಿಕೊಂಡೇ ಇದ್ದವು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಹೊರಗೆ ಬಸ್ಸಿನ ಹಾರ್ನು ಕೇಳಿತು. ಅಪ್ಪನಿಗೆ ತಡಮಾಡಿ ಕೊಟ್ಟೆ, ನನಗೆ ಕೊಡುವುದೇ ಇಲ್ಲವೇನು ಎಂದು ಮನಸ್ಸಿನಲ್ಲೇ ಬೈದು, ಅವ್ವನನ್ನು ಅಲ್ಲೇ ಬಿಟ್ಟು ಓಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆ. ಅದೇ ದಿನ ಏಜೆಂಟರಿಗೆ ಕಂತು ಕಟ್ಟಿದೆ. ಮನೆಯಲ್ಲಿ ಅವ್ವ ಹೂವಿನ ಮಾತು ತೆಗೆಯಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಹೊಲಿಗೆ ಹೇಳಿಕೊಡುತ್ತಿದ್ದಾಗ ಹೊಟ್ಟೆಯ ಬಲಕ್ಕೆ ಎಂಥ ನೋವು ಎದ್ದಿತೆಂದರೆ ಮಷೀನಿನ ಮೇಲೆಯೇ ಬಿದ್ದೆ. ಹುಡುಗಿಯರು ಊರಿಗೆ ಹೇಳಿಕಳಿಸಿದರು. ಅವ್ವ, ದೊಡ್ಡಪ್ಪ ಬಂದು ಹುಬ್ಬಳ್ಳಿಗೆ ಒಯ್ದರು. ಅದೇ ದವಾಖಾನೆ, ಅದೇ ಬಾಕು. ಅಪೆಂಡಿಕ್ಸ್ ಒಡೆಯುವಂತಿದೆ, ತಡ ಮಾಡಬೇಡಿ ಎಂದರು ಡಾಕ್ಟರು.

ದೊಡ್ಡಪ್ಪ ಎದ್ದು ಟೋಪಿ ಸರಿಮಾಡಿಕೊಂಡ. ಸ್ಟ್ರೆಚರಿನ ಮೇಲಿದ್ದ ನಾನು ಅದನ್ನು ನೋಡಿ ಅಪ್ಪನ ದಾರಿಯೇ ನನ್ನದೂ ಎಂದುಕೊಂಡೆ.

ಅವ್ವ ಅವನಿಗೆ ಅಡ್ಡ ಬಂದು ನಿಂತಳು. ಭಾವನ ಎದುರು ನಿಂತು ಮಾತಾಡಿದವಳಲ್ಲ ಅವಳು, ಅವನಿದ್ದಲ್ಲಿ ತಲೆಯ ಸೆರಗು ಜಾರಗೊಟ್ಟವಳೂ ಅಲ್ಲ. ಆಗ ಸೆರಗು ಹೆಗಲಿಗೆ ಬಿದ್ದಿತ್ತು, ಅವಳಿಗೆ ಅದರ ಖಬರೇ ಇರಲಿಲ್ಲ.

“ಅಪ್ಪಣಿ ಆಗೇತ್ರಿ ಭಾವಾರ. ನೀವು ಊರಿಗೆ ಹೋಗೂದು ಬ್ಯಾಡ” ಎಂದು ಪಾಟಲಿ ಬಿಚ್ಚಿ ಅವನ ಕೈಗಿಟ್ಟಳು. “ಇಲ್ಲೇ ಪ್ಯಾಟ್ಯಾಗ ಇವನ್ನ ಒತ್ತಿ ಇಟ್ಟು ಬರ್ರಿ. ವಿಮಾದ ರೊಕ್ಕ ಬಂದಮ್ಯಾಲೆ ಬಿಡಿಸಿಕೊಳ್ಳೂಣು.”

ದೊಡ್ಡಪ್ಪ ಅವಳ ಮುಖ ನೋಡಿದ. ಪಾಟಲಿ ಮುಷ್ಟಿಯಲ್ಲಿ ಹಿಡಿದು ಪೇಟೆಗೆ ಓಡಿದ. ಅವನು ತಿರುಗಿ ಬರುವ ಹೊತ್ತಿಗೆ ನನ್ನನ್ನು ಒಳಗೆ ಒಯ್ದಿದ್ದರು.

ಎಚ್ಚರವಾದಾಗ ನನಗೆ ಬದುಕಿದೆನೆಂಬ ಸಂತೋಷವಾಗಲಿಲ್ಲ. ಇಷ್ಟೇ ಆಗಬೇಕಿತ್ತಲ್ಲ, ಅಪ್ಪನಿಗೂ ಇಷ್ಟೇ ಸಾಕಿತ್ತಲ್ಲ ಎಂದು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಅತ್ತೆ. ನರ್ಸು ನೋವಿನ ಅಳುವೆಂದು ಸೂಜಿ ಚುಚ್ಚಿದಳು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವ್ವನನ್ನು ಕೇಳಿದೆ, ಅವತ್ತು ದೊಡ್ಡಪ್ಪನಿಗೆ ಸುಳ್ಳು ಹೇಳಿದೆಯಾ ಎಂದು. ಅವಳು ನನ್ನ ಕೂದಲು ಬಿಡಿಸುತ್ತ ಹೇಳಿದಳು: “ನೀ ಸಿಟ್ಟಿಲೆ ಬಸ್ ಹತ್ತಿದಿ. ನಾ ಅಲ್ಲೇ ಕುಂತಿದ್ದೆ. ಬಸ್ಸಿನ ಧೂಳ ಇಳಿಯೂದ್ರಾಗ ಬಲಗಡೀದು ಬಿತ್ತು.”

“ನನಗ ಯಾಕ ಹೇಳಲಿಲ್ಲ ಅವ್ವಾ?”

“ಹೆಂಗ ಹೇಳ್ಲಿ? ದವಾಖಾನಿಗೆ ಒಯ್ಯಾಕ ಅಪ್ಪಣಿ ಆತು ಅಂತ ಮಗಳ ಮುಂದ ಹೇಳಿದ್ರ, ನೀ ಒಂದಿನ ಮಲಗತೀ ಅಂತ ನಾನ ಹೇಳಿದಂಗ ಆಗತಿತ್ತು.”

ಬಸ್ಸಿಗೆ ಅವಸರ ಮಾಡಿದವಳು ನಾನು, ತಡ ಮಾಡಿದವರು ಅಜ್ಜಾರಲ್ಲ.

ಕೆಲವು ವಾರಗಳ ನಂತರ ಕಂಪನಿಯ ಚೆಕ್ಕು ಬಂತು. ಪಾಟಲಿ ಬಿಡಿಸಿಕೊಂಡು ಬಂದ ದೊಡ್ಡಪ್ಪ ಅವನ್ನು ಅವ್ವನ ಮುಂದಿಟ್ಟು, ಧೋತರದ ತುದಿಯ ಸಣ್ಣ ಗಂಟೊಂದನ್ನು ಬಿಚ್ಚಿದ. ಒಳಗೆ ಕಂದಿ ಪುಡಿಯಾಗುವಂತಿದ್ದ ಹೂ. ಧೋತರ ಬದಲಿಸಿದಾಗಲೆಲ್ಲ ಅದನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದನಂತೆ.

“ನಿಮ್ಮಪ್ಪಂದು. ಖರ್ಚಾಗಿದ್ದಿಲ್ಲ” ಎಂದು ನನ್ನ ಅಂಗೈಗೆ ಹಾಕಿದ. ಅವನು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

ಮುಂದಿನ ಸೋಮವಾರ ಮೂವರೂ ಗದ್ದಿಗೆಗೆ ಹೋದೆವು. ಮೆಟ್ಟಿಲಿಗೆ ಹಣೆ ಹಚ್ಚಿ, ಅಜ್ಜಾರೇ, ನೀವು ನಮ್ಮ ಮನೆಗೆ ಬೇಡ ಎಂದವರೇ ಅಲ್ಲ, ನನಗೀಗ ತಿಳಿಯಿತು ಎಂದೆ. ಅಪ್ಪನ ನೆನಪಿಗೆ ಎದೆ ಇಂದಿಗೂ ಒಡೆಯುತ್ತದೆ, ಆದರೆ ನನ್ನ ನಂಬಿಗೆ ಇನ್ನು ಅಲ್ಲಾಡುವುದಿಲ್ಲ. ಪೂಜಾರಿ ಹೂ ನೀರಿನಲ್ಲಿ ಅದ್ದಿ, ಈ ಸಲ ಏನು ಕೇಳಬೇಕು ಎಂದ. ಏನೂ ಕೇಳುವುದಿಲ್ಲ ಎಂದು ಹೇಳಿ, ಅಪ್ಪನ ಹೂವನ್ನು ಗದ್ದಿಗೆಯ ಬಲಗಡೆಗೆ ಇಟ್ಟು ಬಂದೆ.