ಮೊಮ್ಮಗನ ತೋಳಿನ ಕೀವುಗುಳ್ಳೆ

ಕೀವು ಕಂಡು ಕುಣಿದ ಅಜ್ಜಿ ಈ ಮುಂಬೈಯಲ್ಲಿ ನಾನೊಬ್ಬಳೇ ಇರಬೇಕು. ಕುಣಿದೆ, ಸುಳ್ಳಲ್ಲ! ಆದರೆ ಅದಕ್ಕೆ ಮುಂಚಿನ ದಿನಗಳು ಶತ್ರುವಿಗೂ ಬೇಡ.

ಮಗಳ ಮೊದಲ ಗಂಡುಮಗು ವಡಾಲದ ನಮ್ಮ ಚಾಳಿನ ಸಾಲುಮನೆಯಲ್ಲೇ ಇತ್ತು. ಹುಟ್ಟಿದಾಗ ತೋಳಿಗೆ ಕ್ಷಯದ ಚುಚ್ಚುಮದ್ದು ಹಾಕಿದರು. ಬೇರೆ ಮಕ್ಕಳಿಗೆಲ್ಲ ಅಲ್ಲಿ ಗುಳ್ಳೆ ಎದ್ದು ಕೀವಾಗುತ್ತಿತ್ತು, ನಮ್ಮದಕ್ಕೆ ಏನೂ ಆಗಲಿಲ್ಲ. "ನೋಡಿ, ನಮ್ಮ ಮಗುವಿನ ಮೈ ಎಷ್ಟು ಗಟ್ಟಿ!" ಎಂದು ಮನೆಮನೆಗೆ ತೋರಿಸಿಕೊಂಡು ಬಂದವಳು ನಾನೇ. ಆಮೇಲೆ ಬಾಯಲ್ಲಿ ಬಿಳಿ ಹುಣ್ಣು. ಕೆಮ್ಮು. ಐದನೇ ತಿಂಗಳಿಗೆ ಮಗು ಹೋಯಿತು.

ಮಗಳು ಮತ್ತೆ ಬಸುರಿಯಾದಾಗ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ, ಬೆಂಗಳೂರಿನ ಕಡೆಯವರು, ನನ್ನನ್ನು ಕೇಳಿದರು: "ಅಮ್ಮಾ, ನಿಮ್ಮ ತವರಲ್ಲಿ ಗಂಡುಮಕ್ಕಳು ಹೀಗೇ ಹೋಗಿದ್ದಾರಾ?"

ನನ್ನ ಇಬ್ಬರು. ನನ್ನ ಅಮ್ಮನ ಮೂವರು. ನಾವು ನಾಗದೋಷವೆಂದು ಪೂಜೆ ಮಾಡಿಸಿದ್ದೆವು.

"ರೋಗದ ಜೊತೆ ಹೋರಾಡೋ ಕಣಗಳು ರಕ್ತದಲ್ಲಿ ಒಂದಕ್ಕೊಂದು ಸುದ್ದಿ ಕಳಿಸ್ತವೆ. ಅದನ್ನ ಹಿಡಿಯೋಕೆ ಕಣದ ಮೈಮೇಲೆ ರಿಸೆಪ್ಟರ್ ಅಂತ ಒಂದು ಪ್ರೋಟೀನ್ ಇರುತ್ತೆ. ಅದು ಕೆಟ್ಟಿದ್ರೆ ಸುದ್ದಿ ಬಂದ್ರೂ ಕಣ ಬೆಳೆಯೋದೇ ಇಲ್ಲ. ಚುಚ್ಚಿದಲ್ಲಿ ಗುಳ್ಳೆ ಎಬ್ಬಿಸೋದು ಆ ಕಣಗಳೇ, ಅದಕ್ಕೇ ಮೊದಲ ಮಗುವಿಗೆ ಏಳಲಿಲ್ಲ" ಎಂದರು ಡಾಕ್ಟರಮ್ಮ.

ನನ್ನ ಗಂಡ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ಆಯುಷ್ಯ ಕಳೆದವರು. "ಹೊರಗಿಂದ ಮಾಣಿ ಎರಡು ಮಸಾಲೆ ಅಂತ ಕೂಗಿದ, ಒಳಗೆ ಭಟ್ಟರಿಗೆ ಕಿವಿಯೇ ಇಲ್ಲ. ಹಾಗಾ?" ಎಂದೆ.

"ಹಾಗೇ. ಹೊರದೇಶದಲ್ಲಿ ಈಗ ತಾನೇ ಪತ್ತೆ ಮಾಡಿದ್ದಾರೆ. ತಾಯಿಯಿಂದ ಬರುತ್ತೆ. ಹೆಣ್ಣಿಗೆ ತೊಂದರೆ ಇಲ್ಲ, ಗಂಡಾದ್ರೆ ಅರ್ಧಕ್ಕರ್ಧ ಭಯ."

ಅಂದರೆ ನನ್ನಿಂದ ಮಗಳಿಗೆ, ಮಗಳಿಂದ ಮಗುವಿಗೆ. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಮಗಳು ನನ್ನ ಮುಖ ನೋಡಲಿಲ್ಲ.

ಹುಟ್ಟಿದ್ದೂ ಗಂಡೇ. ರಕ್ತದ ರಿಪೋರ್ಟ್ ಬರುವ ತನಕ ಚುಚ್ಚುಮದ್ದು ಬೇಡ, ಹೊರಗಿನವರು ಯಾರೂ ಮಗುವನ್ನು ಮುಟ್ಟಬಾರದು ಎಂದರು ಡಾಕ್ಟರಮ್ಮ. ನಾನು ಬಾಗಿಲಿಗೆ ಅಡ್ಡ ಕೂತೆ. ನಾದಿನಿ ಬಂದವಳು ಹೊಸಿಲಲ್ಲೇ ಸಿಡುಕಿದಳು: "ಏನತ್ತಿಗೇ, ಅಷ್ಟು ದೂರದ ದಹಿಸರದಿಂದ ಬಂದವಳಿಗೆ ಬಾಗಿಲಲ್ಲೇ ಸತ್ಕಾರವಾ? ಮಗುವನ್ನೇನು ತಿಂದುಬಿಡ್ತೇನಾ?"

"ಸಿಟ್ಟಾಗು ಮಾರಾಯ್ತಿ, ಬೈದುಹಾಕು. ಒಳಗೆ ಮಾತ್ರ ಬರಬೇಡ."

ಒಳಗೆ ಮಗು ಒಮ್ಮೆ ಸೀನಿದರೆ ನಾನೂ ಮಗಳೂ ಇನ್ನೊಂದು ಸೀನು ಬರುತ್ತದಾ ಎಂದು ಕಾದು ಕೂರುತ್ತಿದ್ದೆವು.

ರಿಪೋರ್ಟ್ ಬಂತು. ಕಣಗಳು ಬೇಕಾದಷ್ಟಿವೆ, ಭಯ ಬೇಡ ಎಂದು ಚುಚ್ಚುಮದ್ದನ್ನೂ ಹಾಕಿಸಿದರು. ಮಗಳು ನಂಬಲಿಲ್ಲ. ನಾನೂ ನಂಬಲಿಲ್ಲ. ಕಾಗದದ ಮೇಲಿನ ಕಣ ನಾವು ಕಂಡಿದ್ದೇವಾ? ದಿನಾ ಬೆಳಿಗ್ಗೆ ಅಂಗಿ ಸರಿಸಿ ತೋಳು ನೋಡುವುದು. ಒಂದು ವಾರ, ಎರಡು, ಮೂರು. ನುಣುಪು ಚರ್ಮ. ತೀರಿಹೋದ ಅಣ್ಣನ ತೋಳಿನ ಹಾಗೆಯೇ. ಮಗಳು ಊಟ ಬಿಟ್ಟಳು.

ನಾಲ್ಕನೇ ವಾರ ಸಾಸಿವೆಯಷ್ಟು ಕೆಂಪು. ಅದು ಉಬ್ಬಿತು, ಬಿಳಿಯಾಯಿತು, ಒಡೆಯಿತು. ಅಯ್ಯೋ ದೇವರೇ, ಎಂಥ ಚಂದದ ಕೀವು! ಮಗಳಿಗೆ ತೋರಿಸಿ, ನಾನು ಮಗುವನ್ನೆತ್ತಿ ಚಾಳಿನುದ್ದಕ್ಕೂ ಕುಣಿಯುತ್ತ ಓಡಿದೆ. "ಆಜಿ ಪಾಗಲ್ ಹೋ ಗಯೀ", ಅಜ್ಜಿಗೆ ಹುಚ್ಚು ಹಿಡಿಯಿತು ಎಂದು ನೆರೆಯವರು ನಕ್ಕರು. ನಗಲಿ!

ತಿರುಗಿ ಬಂದು ನೋಡಿದರೆ ಮಟಮಟ ಮಧ್ಯಾಹ್ನ, ಮಗಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಳೆ. ಹೆತ್ತ ಮೇಲೆ ಅವಳು ಹಾಗೆ ಮಲಗಿದ್ದು ಅದೇ ಮೊದಲು.