ಸದ್ದು ನಿಲ್ಲಿಸಿದ ಬಾಯ್ಲರ್

ಹಾಲು ಉಕ್ಕಿ ಚೆಲ್ಲದೆ ಉಳಿದರೂ ದೇವರಿಗೆ ಕೈಮುಗಿಯುವವಳು ನಾನು. ಆದರೆ ಯಾರೋ ಬಂದು ಎಚ್ಚರಿಸಿದರು, ಕಣ್ಣಿಗೆ ಮಾತ್ರ ಕಾಣಲಿಲ್ಲ ಎನ್ನುವಂಥ ಕಥೆಗಳನ್ನು ನಂಬುತ್ತಿರಲಿಲ್ಲ. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಶಿಕಾರಿಪುರಕ್ಕೆ ಕೊಟ್ಟಿದ್ದ ಮಗಳು ಬಾಣಂತನಕ್ಕೆ ಸೊರಬದ ನಮ್ಮ ಮನೆಗೆ ಬಂದಿದ್ದಳು. ನಮ್ಮ ಬಚ್ಚಲಲ್ಲಿ ಸೌದೆ ಉರಿಸುವ ತಾಮ್ರದ ಬಾಯ್ಲರ್ ಇತ್ತು. ಬಾಣಂತಿ ನೀರಿಗೆಂದು ಉರಿ ಹೆಚ್ಚಾಯಿತಲ್ಲ, ಅದು ಒಳಗೊಳಗೇ ಗುಡುಗುಡು ಎನ್ನತೊಡಗಿತು. ನನಗೆ ಭಯ. "ಅದಕ್ಕೂ ಹೊಟ್ಟೆ ಉಬ್ಬರ ಕಣೇ, ಓಮದ ನೀರು ಕುಡ್ಸು" ಎಂದು ಯಜಮಾನರು ನಕ್ಕರು. ಬೋರ್‌ವೆಲ್ ನೀರಿನ ಸುಣ್ಣ ತಳದಲ್ಲಿ ಕಟ್ಟಿದರೆ ಹಾಗಾಗುತ್ತದಂತೆ. ಹಬ್ಬ ಮುಗಿಯಲಿ, ತೊಳೆಸೋಣ ಎಂದರು.

ದೀಪಾವಳಿಯ ನೀರು ತುಂಬುವ ಸಂಜೆ ಅತ್ತೆ ಬಾಯ್ಲರಿಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಬಳ್ಳಿ ಸುತ್ತಿ ಪೂಜೆ ಮಾಡಿದರು. ಮೇಲಿನ ಕೊಳವೆಗೆ ಮಾವಿನೆಲೆ, ಚೆಂಡುಹೂವನ್ನು ಕಳಶದ ಹಾಗೆ ಬಿಗಿಯಾಗಿ ಸಿಕ್ಕಿಸಿದರು. ಅದು ಆವಿ ಹೋಗುವ ದಾರಿ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಎಣ್ಣೆಸ್ನಾನ. ಬಾಯ್ಲರ್ ಪಕ್ಕದ ಮಣೆಯ ಮೇಲೆ ಮಗಳನ್ನು ಕೂರಿಸಿ ತಲೆಗೆ ಎಣ್ಣೆ ತಿಕ್ಕುತ್ತಿದ್ದೆ. ಉರಿ ಜೋರಾಗಿಯೇ ಇತ್ತು, ಗುಡುಗುಡು ಮಾತ್ರ ಇರಲಿಲ್ಲ. ಸದ್ದು ನಿಂತದ್ದೇ ನನಗೆ ಇನ್ನಷ್ಟು ಆತಂಕ. ಆಗ ಯಾರೋ ಬಚ್ಚಲ ಬಾಗಿಲು ತಟ್ಟಿದರು.

"ಯಾರದು?" ಎಂದೆ. ಮತ್ತೆ ತಟ್ಟಿದರು, ಚಿಲಕ ಅಲ್ಲಾಡುವಷ್ಟು ಜೋರಾಗಿ.

"ಯಾರನ್ನ ಕೇಳ್ತಿದೀಯಮ್ಮ? ಬೇಗ ತಿಕ್ಕು, ಚಳಿ ಆಗ್ತದೆ" ಎಂದಳು ಮಗಳು.

"ಮಗುಗೇನೋ ಆಗಿದೆ ಕಣೇ" ಎಂದು ಬಾಗಿಲು ತೆಗೆದು ಓಡಿದೆ. ಮಗಳು ಸೀರೆ ಸುತ್ತಿಕೊಂಡು ನನ್ನ ಹಿಂದೆಯೇ ಬಂದಳು. ಬಾಗಿಲ ಹತ್ತಿರ ಯಾರೂ ಇರಲಿಲ್ಲ. ಒಳಕೋಣೆಯಲ್ಲಿ ಅತ್ತೆಯ ತೊಡೆಯ ಮೇಲೆ ಮಗು ನಿದ್ದೆ ಮಾಡುತ್ತಿತ್ತು. ಅದನ್ನು ನೋಡುತ್ತಿದ್ದಂತೆಯೇ ಬಚ್ಚಲಲ್ಲಿ ಸಿಡಿಲು ಬಡಿದ ಹಾಗಾಯಿತು. ಬಾಯ್ಲರಿನ ಬೆಸುಗೆ ಬಿಟ್ಟು, ಕುದಿಯುವ ನೀರು ಮಣೆಯ ಮೇಲೆಲ್ಲ ಎರಚಿತ್ತು.

"ಆವಿ ಕಟ್ಟಿದ್ರೆ ತಾಮ್ರ ಹಂಗೇ ಬಡೀತದ್ರೀ ಅಮ್ಮಾರೆ" ಎಂದ ರಿಪೇರಿಯವನು, ಬಾಗಿಲು ತಟ್ಟಿದ ಸದ್ದಿನ ವಿಷಯ ಹೇಳಿದಾಗ. ಇರಬಹುದು. ಆದರೆ ಬಾಯ್ಲರ್ ಇದ್ದದ್ದು ನನ್ನ ಬೆನ್ನ ಹಿಂದೆ, ತಟ್ಟಿದ ಸದ್ದು ಬಂದದ್ದು ಎದುರಿನ ಬಾಗಿಲಿನಿಂದ. ಅತ್ತೆ ತೊಗರ್ಸಿಯ ಮಲ್ಲಿಕಾರ್ಜುನನಿಗೆ ಅಭಿಷೇಕ ಮಾಡಿಸಿದರು. ನಾನೂ ಹೋಗಿ ಅಡ್ಡಬಿದ್ದು ಬಂದೆ. ತಟ್ಟಿದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಮಗಳಿಗಂತೂ ಯಾವ ಸದ್ದೂ ಕೇಳಿಸಿರಲಿಲ್ಲವಂತೆ. ಹಾಗಾದರೆ ಆ ಚಳಿಯಲ್ಲಿ ಎದ್ದು ಯಾಕೆ ಬಂದೆ ಎಂದು ಕೇಳಿದರೆ, "ನೀನು ಮಗು ಅಂದ್ಯಲ್ಲಮ್ಮ" ಎನ್ನುತ್ತಾಳೆ.